ನವರಂಗದ ಕತ್ತಲೆಯಲ್ಲಿ ಕಾಣದ ಕಣ್ಣು

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿದವರಿಗೆಲ್ಲ ಒಂದು ಅನುಭವವು ನೆನಪಿನಲ್ಲಿರಬಹುದು. ನಡುಹಗಲಿನ ಬಿಸಿಲಿನಲ್ಲಿ ಜಗತಿಯ ಮೇಲೆ ನಿಂತು, ಮದನಿಕೆಯರ ವಿಗ್ರಹಗಳನ್ನು ಕಣ್ತುಂಬ ನೋಡಿ, ಬಳಿಕ ಬಾಗಿಲನ್ನು ದಾಟಿ ನವರಂಗದೊಳಕ್ಕೆ ಕಾಲಿಟ್ಟರೆ ಕ್ಷಣಕಾಲ ಏನೂ ಕಾಣಿಸದು. 1117ರಲ್ಲಿ ವಿಷ್ಣುವರ್ಧನನ ಆಳ್ವಿಕೆಯಲ್ಲಿ ಪ್ರತಿಷ್ಠೆಗೊಂಡ ಈ ಗುಡಿಯ ನವರಂಗವು ಮೊದಲು ತೆರೆದ ಮಂಟಪವಾಗಿದ್ದಿತು. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅದರ ಸುತ್ತ ಕಲ್ಲಿನ ಜಾಲಂಧ್ರಗಳನ್ನು ನಿಲ್ಲಿಸಿದರು. ಅವುಗಳ ರಂಧ್ರಗಳಿಂದ ಸೋಸಿ ಬರುವ ಬೆಳಕು ಅತ್ಯಲ್ಪ. ಆದರೂ ಎರಡು ಮೂರು ನಿಮಿಷ ಸುಮ್ಮನೆ ನಿಂತರೆ ಕಂಬಗಳು ಒಂದೊಂದಾಗಿ ಕತ್ತಲೆಯಿಂದ ಹೊರಬರುತ್ತವೆ. ಇನ್ನೂ ಸ್ವಲ್ಪ ಹೊತ್ತು ಕಾದರೆ ತಲೆಯ ಮೇಲಿನ ಭುವನೇಶ್ವರಿಯ ಕೆತ್ತನೆಯೂ ಮೆಲ್ಲಮೆಲ್ಲನೆ ಗೋಚರಿಸತೊಡಗುತ್ತದೆ. ಗುಡಿಯೊಳಗಿನ ಬೆಳಕು ಹೆಚ್ಚಲಿಲ್ಲ. ಬದಲಾದುದು ನಮ್ಮ ಕಣ್ಣು.

ಈಗ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಅರಸೀಕೆರೆಯ ಪ್ರೌಢಶಾಲೆಯೊಂದರ ವಿದ್ಯಾರ್ಥಿಗಳು ಪ್ರವಾಸ ಹೊರಟಿದ್ದಾರೆ. ಬೆಳಿಗ್ಗೆ ಹಳೇಬೀಡು, ಅಲ್ಲಿಂದ 16 ಕಿಲೊಮೀಟರು ದೂರದಲ್ಲಿರುವ ಬೇಲೂರು ಮಧ್ಯಾಹ್ನಕ್ಕೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗುಡಿಯ ಹೊರಗೋಡೆಯ ಮೇಲಿನ ಆನೆಗಳ ಸಾಲು, ಸಿಂಹಗಳ ಸಾಲು, ಕುದುರೆ ಸವಾರರ ಸಾಲು ಇವುಗಳನ್ನು ಉಪಾಧ್ಯಾಯರು ತೋರಿಸುತ್ತಿರುವಾಗ, ಹುಡುಗನೊಬ್ಬನು ಸವಾರನ ಕೈಯ ಕಡಿವಾಣವನ್ನೂ ಆನೆಯ ಕೊರಳಿನ ಸರವನ್ನೂ ಎಲ್ಲರಿಗಿಂತ ಮೊದಲು ಗುರುತಿಸುತ್ತಾನೆ. ಅವನ ಕಣ್ಣು ಬಲು ಚುರುಕೆಂದು ಎಲ್ಲರೂ ಮೆಚ್ಚುತ್ತಾರೆ. ಆದರೆ ಪಕ್ಕಕ್ಕೆ ತಿರುಗುವಾಗ ಕಾಲಬಳಿಯ ಮೆಟ್ಟಿಲನ್ನು ಕಾಣದೆ ಅವನು ಎಡವುತ್ತಾನೆ. ಬೇಲೂರಿನ ನವರಂಗದಲ್ಲಂತೂ ಗೆಳೆಯರೆಲ್ಲ ಕಂಬಗಳ ನಡುವೆ ಸಲೀಸಾಗಿ ಓಡಾಡತೊಡಗಿ ಹತ್ತು ನಿಮಿಷ ಕಳೆದರೂ ಈತನು ಗೋಡೆಯನ್ನು ತಡವುತ್ತ ನಿಂತಲ್ಲೇ ನಿಂತಿದ್ದಾನೆ. ಸಂಜೆ ಹಿಂದಿರುಗುವಾಗ ಮಬ್ಬುಗತ್ತಲೆಯಲ್ಲಿ ಬಸ್ಸಿನ ಮೆಟ್ಟಿಲೂ ಅವನಿಗೆ ಸಿಕ್ಕದು. “ನೋಡಿಕೊಂಡು ನಡೆಯಬಾರದೇನೋ?” ಎಂಬ ಗದರಿಕೆ ಅವನಿಗೆ ಹೊಸತಲ್ಲ.

ಪ್ರಸಂಗವು ಕಲ್ಪಿತವಾದರೂ ಅದರಲ್ಲಿನ ಒಂದೊಂದು ಲಕ್ಷಣವೂ ನಿಜವಾದುದೇ. ಹಗಲಿನಲ್ಲಿ ಸೂಕ್ಷ್ಮವಾದ ಕೆತ್ತನೆಯನ್ನು ಕಾಣಬಲ್ಲ ಕಣ್ಣು ಮಬ್ಬಿನಲ್ಲಿ ಕಂಬವನ್ನು ಕಾಣದಿರುವುದು ಅಜಾಗರೂಕತೆಯಲ್ಲ. ಅದೊಂದು ರೋಗದ ಸೂಚನೆಯಾಗಿರಬಹುದು. ಅಪರೂಪದ ನೇತ್ರರೋಗಗಳನ್ನು ಗುರುತಿಸುವುದು ಏಕೆ ಕಷ್ಟವೆಂಬುದನ್ನು ಈ ಹುಡುಗನ ನೆಪದಿಂದ ವಿಚಾರಮಾಡಬಹುದಾಗಿದೆ.

ಹಗಲಿನ ಕಣ್ಣು, ಇರುಳಿನ ಕಣ್ಣು

ಕಣ್ಣಿನ ಹಿಂಭಾಗದ ಒಳಮೈಯಲ್ಲಿ ಅಕ್ಷಿಪಟಲವೆಂಬ ತೆಳುವಾದ ಪೊರೆಯುಂಟು. ಬೆಳಕನ್ನು ಗ್ರಹಿಸತಕ್ಕ ಎರಡು ಬಗೆಯ ಕೋಶಗಳು ಅದರಲ್ಲಿವೆ. ಶಂಕುವಿನಾಕಾರದ ಕೋಶಗಳು ಸುಮಾರು 60 ಲಕ್ಷ. ಸಲಾಕೆಯಾಕಾರದವು ಸುಮಾರು 12 ಕೋಟಿ. ಶಂಕುಕೋಶಗಳಿಗೆ ಹೆಚ್ಚು ಬೆಳಕು ಬೇಕು. ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ತಿಳಿಸುವುದು ಅವುಗಳ ಕೆಲಸ. ಸಲಾಕೆಕೋಶಗಳಾದರೋ ಬಣ್ಣವನ್ನರಿಯವು, ಆದರೆ ನಕ್ಷತ್ರಗಳ ಬೆಳಕಿನಷ್ಟು ಮಂದವಾದ ಬೆಳಕನ್ನೂ ಗ್ರಹಿಸಬಲ್ಲವು. ಮೊದಲನೆಯವು ಹಗಲಿನ ಕಣ್ಣು, ಎರಡನೆಯವು ಇರುಳಿನ ಕಣ್ಣು ಎನ್ನಬಹುದು.

ಇವುಗಳ ಹಂಚಿಕೆಯೂ ಗಮನಾರ್ಹವಾದುದು. ನಾವು ಯಾವುದಾದರೊಂದನ್ನು ನೇರವಾಗಿ ದಿಟ್ಟಿಸಿದಾಗ ಅದರ ಬಿಂಬವು ಬೀಳುವ ನಟ್ಟನಡುವಿನ ಪುಟ್ಟ ಕುಳಿಯಲ್ಲಿ ಶಂಕುಕೋಶಗಳು ಮಾತ್ರ ಒತ್ತೊತ್ತಾಗಿವೆ. ಅದರ ಸುತ್ತಲಿನ ವಿಶಾಲವಾದ ಪ್ರದೇಶದಲ್ಲಿ ಸಲಾಕೆಕೋಶಗಳದೇ ಪ್ರಾಬಲ್ಯ. ಓದುವಾಗ ನಾವು ನಡುವಿನ ಕುಳಿಯನ್ನು ಬಳಸುತ್ತೇವೆ. ಕತ್ತಲೆಯಲ್ಲಿ ನಡೆಯುವಾಗ, ಓರೆಯಿಂದ ಬರುವ ಬಂಡಿಯನ್ನು ಅರಿಯುವಾಗ, ಸುತ್ತಲಿನ ಪ್ರದೇಶವನ್ನು ಬಳಸುತ್ತೇವೆ.

ಸಲಾಕೆಕೋಶದಲ್ಲಿ ರೊಡಾಪ್ಸಿನ್ ಎಂಬ ನೇರಳೆಗೆಂಪು ಬಣ್ಣದ ದ್ರವ್ಯವಿರುತ್ತದೆ. ಬೆಳಕು ತಾಗಿದೊಡನೆ ಅದು ಬಣ್ಣಗೆಡುತ್ತದೆ. ಕತ್ತಲೆಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಬಿಸಿಲಿನಿಂದ ನವರಂಗದೊಳಕ್ಕೆ ಬಂದವರು ಸ್ವಲ್ಪಹೊತ್ತು ಕಾಯಬೇಕಾಗುವುದು ಇದರಿಂದಲೇ. ಈ ಹೊಂದಾಣಿಕೆಯು ಪೂರ್ತಿಯಾಗಲು 30ರಿಂದ 40 ನಿಮಿಷ ಬೇಕು. ಈ ದ್ರವ್ಯದ ರಚನೆಗೆ ‘ಎ’ ಜೀವಸತ್ವವು ಅತ್ಯಾವಶ್ಯಕ. ಅಕ್ಷಿಪಟಲದಲ್ಲಿ ಈ ಜೀವಸತ್ವವಿರುವುದನ್ನು 1933ರಲ್ಲಿ ಕಂಡುಹಿಡಿದ ಜಾರ್ಜ್ ವಾಲ್ಡ್ ಎಂಬ ಅಮೆರಿಕದ ವಿಜ್ಞಾನಿಗೆ 1967ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಫಲಕವು ಹೇಳದ ಸಂಗತಿ

ನಮ್ಮ ಹುಡುಗನನ್ನು ಕಣ್ಣಿನ ಪರೀಕ್ಷೆಗೆ ಕರೆದೊಯ್ದರೆಂದು ಭಾವಿಸೋಣ. ಬೆಳಕಿರುವ ಕೋಣೆಯಲ್ಲಿ 6 ಮೀಟರು ದೂರದ ಅಕ್ಷರಫಲಕವನ್ನು ಓದೆನ್ನುತ್ತಾರೆ. ಅವನು ಕಟ್ಟಕಡೆಯ ಸಾಲಿನವರೆಗೂ ತಪ್ಪಿಲ್ಲದೆ ಓದುತ್ತಾನೆ. ದೃಷ್ಟಿ 6/6, ಕನ್ನಡಕದ ಅಗತ್ಯವಿಲ್ಲ, ಹುಡುಗನ ಕಣ್ಣು ಚೆನ್ನಾಗಿದೆ ಎಂದು ಮನೆಯವರು ನೆಮ್ಮದಿಯಿಂದ ಹಿಂದಿರುಗುತ್ತಾರೆ. ಫಲಕವು ಸುಳ್ಳು ಹೇಳಲಿಲ್ಲ. ಅದು ಪ್ರಶ್ನೆ ಕೇಳಿದ್ದು ನಡುವಿನ ಕುಳಿಯನ್ನು ಮಾತ್ರ, ಅದೂ ಬೆಳಕಿನಲ್ಲಿ. ಅಂಚನ್ನೂ ಕತ್ತಲೆಯನ್ನೂ ಕುರಿತು ಅದು ಕೇಳಲೇ ಇಲ್ಲ.

ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ರೋಗದಲ್ಲಿ ಮೊದಲು ನಾಶಹೊಂದುವುವು ಸಲಾಕೆಕೋಶಗಳೇ. ಇರುಳುಗುರುಡು ಅದರ ಮೊದಲ ಲಕ್ಷಣ. ಬಳಿಕ ದೃಷ್ಟಿಕ್ಷೇತ್ರವು ಸುತ್ತಲಿಂದ ಕಿರಿದಾಗುತ್ತ ಬರುತ್ತದೆ; ಕಡೆಗೆ ಕೊಳವೆಯ ಮೂಲಕ ನೋಡಿದಂತಾಗುತ್ತದೆ. ಬಹು ವರ್ಷಗಳ ಮೇಲೆ ಶಂಕುಕೋಶಗಳಿಗೂ ಕುತ್ತು ಬರುತ್ತದೆ. ಕೈಯನ್ನು ಪೂರ್ತಿಯಾಗಿ ಚಾಚಿ ಮುಷ್ಟಿಯನ್ನು ಹಿಡಿದು ನೋಡಿರಿ. ಅದರ ಅಗಲವು ನಿಮ್ಮ ಕಣ್ಣಿನಲ್ಲಿ ಸುಮಾರು 10 ಡಿಗ್ರಿಗಳ ಕೋನವನ್ನು ಮಾಡುತ್ತದೆ. ಅಷ್ಟು ಮಾತ್ರವೇ ಕಾಣುವವನೂ ಅಕ್ಷರಫಲಕವನ್ನು ಪೂರ್ತಿ ಓದಬಹುದು! ಆದರೆ ಜನನಿಬಿಡವಾದ ಸಂತೆಯಲ್ಲಿ ಅವನು ಒಬ್ಬನೇ ನಡೆಯಲಾರ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ದೃಷ್ಟಿಯ ತೀಕ್ಷ್ಣತೆಯೊಂದನ್ನೇ ಅಲ್ಲದೆ ಕ್ಷೇತ್ರದ ವಿಸ್ತಾರವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಕ್ಷೇತ್ರವು 10 ಡಿಗ್ರಿಗಿಂತ ಕಡಿಮೆಯಾದರೆ ಅದನ್ನು ಅಂಧತ್ವವೆಂದೇ ಎಣಿಸುತ್ತದೆ.

ವಿಚಿತ್ರವೆಂದರೆ ಈ ರೋಗಕ್ಕೆ ಹೆಸರಿತ್ತವರೂ, ಅದನ್ನು ಕಾಣಲಾರದ ಫಲಕವನ್ನು ರಚಿಸಿದವರೂ ಹಾಲೆಂಡಿನ ಉಟ್ರೆಕ್ಟ್ ಎಂಬ ಒಂದೇ ಊರಿನಲ್ಲಿ ಒಟ್ಟಿಗೆ ಕೆಲಸಮಾಡಿದವರು. ಡಾಂಡರ್ಸನು 1850ರ ದಶಕದಲ್ಲಿ ರೋಗಕ್ಕೆ ಆ ಹೆಸರನ್ನು ಕೊಟ್ಟನು. ಸ್ನೆಲನ್ನನು 1862ರಲ್ಲಿ ಫಲಕವನ್ನು ಪ್ರಕಟಿಸಿದನು. ಒಂದೊಂದು ಉಪಕರಣಕ್ಕೂ ತನ್ನದೇ ಆದ ಮಿತಿಯುಂಟೆಂಬುದಕ್ಕೆ ಇದೊಂದು ನಿದರ್ಶನ.

ಈ ರೋಗಕ್ಕೆ ವಿರುದ್ಧವಾದ ಬಗೆಯವೂ ಉಂಟು. ಸ್ಟಾರ್ಗಾರ್ಟನು 1909ರಲ್ಲಿ ವರ್ಣಿಸಿದ ರೋಗದಲ್ಲಿ ಮಕ್ಕಳ ನಡುದೃಷ್ಟಿಯೇ ಮಂದವಾಗುತ್ತದೆ; ಅಂಚು ಚೆನ್ನಾಗಿರುತ್ತದೆ. ಆರಂಭದಲ್ಲಿ ಅಕ್ಷಿಪಟಲವು ನೋಡಲು ಸಹಜವಾಗಿಯೇ ಇರಬಹುದಾದುದರಿಂದ, ಓಡಾಡಬಲ್ಲ ಮಗುವು ಓದಲಾರೆನೆಂದಾಗ ಅದು ಸೋಗೆಂದು ಭಾವಿಸುವವರುಂಟು. ಲೇಬರ್ ಎಂಬಾತನು 1871ರಲ್ಲಿ ವರ್ಣಿಸಿದ ದೃಷ್ಟಿನರದ ರೋಗವು ಹೆಚ್ಚಾಗಿ ತರುಣರನ್ನು ಹಿಡಿಯುತ್ತದೆ. ನೋವಿಲ್ಲದೆ ಒಂದು ಕಣ್ಣಿನ, ಕೆಲವು ವಾರ ಅಥವಾ ತಿಂಗಳುಗಳಲ್ಲಿ ಇನ್ನೊಂದರ, ನಡುದೃಷ್ಟಿಯು ಅಳಿಯುತ್ತದೆ. ಅದು ಬರುವುದು ತಾಯಿಯ ಕಡೆಯಿಂದ ಮಾತ್ರ.

ಒಂದೇ ಲಕ್ಷಣ, ಹಲವು ರೋಗ

ಇರುಳುಗುರುಡೆಂದೊಡನೆ ರೋಗವು ತಿಳಿದಂತಾಯಿತೆ? ಇಲ್ಲ. ನಿಜವಾದ ಕಷ್ಟವು ಇಲ್ಲಿಂದಲೇ ಮೊದಲಾಗುತ್ತದೆ.

ಬಡತನದ ಮನೆಗಳಲ್ಲಿ ಇರುಳುಗುರುಡಿಗೆ ಬಹುಕಾಲದಿಂದ ಪ್ರಸಿದ್ಧವಾದ ಕಾರಣವು ‘ಎ’ ಜೀವಸತ್ವದ ಕೊರತೆ. ಕಣ್ಣಿನ ಬಿಳಿಭಾಗವು ಒಣಗಿ, ಅದರ ಮೇಲೆ ನೊರೆಯಂಥ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಉಪೇಕ್ಷಿಸಿದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವೇ ಕರಗಿ ಹೋಗುವುದುಂಟು. ಇದನ್ನು ತಡೆಯಲೆಂದೇ ಭಾರತ ಸರ್ಕಾರವು 1970ರಲ್ಲಿ ಮಕ್ಕಳಿಗೆ ಈ ಜೀವಸತ್ವದ ದ್ರವವನ್ನು ಕುಡಿಸುವ ಯೋಜನೆಯನ್ನು ಆರಂಭಿಸಿತು. ನುಗ್ಗೆಸೊಪ್ಪು, ಪರಂಗಿಹಣ್ಣು, ಹಾಲು, ಮೊಟ್ಟೆ ಮೊದಲಾದ ಆಹಾರಗಳು ಇದಕ್ಕೆ ರಕ್ಷೆ. ಕೊರತೆಯಿಂದ ಬಂದ ಇರುಳುಗುರುಡು ಸರಿಯಾದ ಪ್ರಮಾಣದ ಔಷಧಿಯಿಂದ ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ.

ಉಂಡ ಆಹಾರದಲ್ಲಿ ಜೀವಸತ್ವವಿದ್ದರೂ ಕರುಳು ಅದನ್ನು ಹೀರಲಾರದ ಒಂದು ಅಪೂರ್ವ ರೋಗವನ್ನು 1950ರಲ್ಲಿ ಬಾಸೆನ್ ಮತ್ತು ಕಾರ್ನ್‌ಝ್ವೈಗ್ ಎಂಬ ವೈದ್ಯರು ವರ್ಣಿಸಿದರು. ಅದರಲ್ಲಿ ಶೈಶವದಿಂದಲೇ ಕೊಬ್ಬು ಜೀರ್ಣವಾಗದು; ರಕ್ತದಲ್ಲಿ ಕೊಬ್ಬಿನಂಶವು ಬಹಳ ಕಡಿಮೆ. ನಾರ್ವೆಯ ರೆಫ್ಸುಮ್ ಎಂಬಾತನು 1940ರ ದಶಕದಲ್ಲಿ ತೋರಿಸಿಕೊಟ್ಟ ಇನ್ನೊಂದು ರೋಗದಲ್ಲಿ ಇರುಳುಗುರುಡಿನ ಜೊತೆಗೆ ವಾಸನೆಯ ಶಕ್ತಿಯು ಕುಂದುತ್ತದೆ, ನಡಿಗೆ ತಡವರಿಸುತ್ತದೆ. ಹಾಲಿನ ಕೊಬ್ಬಿನಲ್ಲಿಯೂ ಮೆಲುಕುಹಾಕುವ ಪ್ರಾಣಿಗಳ ಮಾಂಸದಲ್ಲಿಯೂ ಇರುವ ಫೈಟಾನಿಕ್ ಆಮ್ಲವನ್ನು ದೇಹವು ಒಡೆಯಲಾರದೆ ಕೂಡಿಡುವುದೇ ಇದಕ್ಕೆ ಕಾರಣ. ನಮಗೆಲ್ಲ ಪುಷ್ಟಿಕರವಾದ ಬೆಣ್ಣೆ ತುಪ್ಪಗಳು ಇಂಥ ರೋಗಿಗೆ ವಿಷಪ್ರಾಯ! ಪಥ್ಯದಿಂದ ಈ ರೋಗದ ಮುನ್ನಡೆಯನ್ನು ತಡೆಯಬಹುದು.

ಈ ರೋಗಗಳಲ್ಲಿ ಅಕ್ಷಿಪಟಲದ ಚಿತ್ರವು ರೆಟಿನೈಟಿಸ್ ಪಿಗ್ಮೆಂಟೋಸಾವನ್ನೇ ಹೋಲಬಹುದು. ಕಿವುಡಿನೊಡನೆ ಕೂಡಿ ಬರುವ ಅಷರ್ ಲಕ್ಷಣಕೂಟವೂ ಅದೇ ಗುಂಪಿಗೆ ಸೇರಿದ್ದು. ಹೀಗಿರುವಲ್ಲಿ “ಇದು ವಂಶದಿಂದ ಬಂದದ್ದು, ಮಾಡತಕ್ಕದ್ದೇನೂ ಇಲ್ಲ” ಎಂದು ಅವಸರದಲ್ಲಿ ತೀರ್ಮಾನಿಸಿದರೆ ಗುಣಪಡಿಸಬಹುದಾದ ರೋಗಿಯೂ ಕೈಬಿಟ್ಟು ಹೋಗುತ್ತಾನೆ. ಪ್ರತಿಯಾಗಿ, “ಇರುಳುಗುರುಡಲ್ಲವೆ, ‘ಎ’ ಜೀವಸತ್ವವನ್ನು ಧಾರಾಳವಾಗಿ ನುಂಗಲಿ” ಎಂದು ತಾವೇ ಔಷಧಿ ಕೊಡುವುದೂ ಅಪಾಯಕರ. ಅದರ ಅತಿಸೇವನೆಯು ಯಕೃತ್ತನ್ನು ಕೆಡಿಸುತ್ತದೆ. ಸ್ಟಾರ್ಗಾರ್ಟನ ರೋಗವುಳ್ಳವರ ಅಕ್ಷಿಪಟಲಕ್ಕೆ ಅದು ಕೇಡುಮಾಡಬಹುದಾದ್ದರಿಂದ ಅವರಿಗೆ ಅಂಥ ಗುಳಿಗೆಗಳನ್ನು ವರ್ಜಿಸಲು ವೈದ್ಯರು ಹೇಳುತ್ತಾರೆ. ಒಬ್ಬನಿಗೆ ಅಮೃತವಾದದ್ದು ಇನ್ನೊಬ್ಬನಿಗೆ ನಿಷ್ಫಲ, ಮತ್ತೊಬ್ಬನಿಗೆ ಹಾನಿ. ರೋಗನಿರ್ಣಯವೆಂಬುದು ಹೆಸರಿಡುವ ಕೆಲಸ ಮಾತ್ರವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪರೀಕ್ಷೆಯ ಹಾದಿ

ಜೀವಂತ ಕಣ್ಣಿನ ಒಳಗನ್ನು ನೋಡುವ ದರ್ಶಕಯಂತ್ರವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸನು 1850ರಲ್ಲಿ ನಿರ್ಮಿಸಿದನು. ಅದರ ಮೂಲಕ ನೋಡಿದಾಗ ರೋಗಿಯ ಅಕ್ಷಿಪಟಲದ ಅಂಚಿನಲ್ಲಿ ಮೂಳೆಯ ಚೂರುಗಳಂತೆ ಕವಲೊಡೆದ ಕಪ್ಪು ಗುರುತುಗಳು ಕಾಣುತ್ತವೆ, ರಕ್ತನಾಳಗಳು ಸಣ್ಣಗಾಗಿರುತ್ತವೆ. ಆದರೆ ಆರಂಭದ ವರ್ಷಗಳಲ್ಲಿ ಈ ಗುರುತುಗಳು ಇರದೆಯೂ ಇರಬಹುದು. ಆಗ ಏನು ಮಾಡತಕ್ಕದ್ದು?

ಬೆಳಕು ಬಿದ್ದಾಗ ಅಕ್ಷಿಪಟಲದಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುವುದೆಂದು ಸ್ವೀಡನ್ನಿನ ಹೋಮ್‌ಗ್ರೆನ್ 1865ರಲ್ಲಿ ಕಂಡುಕೊಂಡಿದ್ದನು. ಈ ತತ್ತ್ವದ ಮೇಲೆ ಆಧಾರಗೊಂಡ ಪರೀಕ್ಷೆಗೆ ಎಲೆಕ್ಟ್ರೊರೆಟಿನೊಗ್ರಾಮ್ ಎಂದು ಹೆಸರು. ರೋಗಿಯನ್ನು 20 ನಿಮಿಷ ಪೂರ್ಣವಾದ ಕತ್ತಲೆಯಲ್ಲಿ ಕೂರಿಸಿ, ಕಣ್ಣಿಗೆ ಸೂಕ್ಷ್ಮವಾದ ವಿದ್ಯುದ್ವಾರವನ್ನು ತಾಗಿಸಿ, ಮಂದವಾದ ಬೆಳಕನ್ನು ಮಿಂಚಿಸುತ್ತಾರೆ. ಆಗ ಉತ್ತರ ಕೊಡತಕ್ಕವು ಸಲಾಕೆಕೋಶಗಳು. ಅನಂತರ ಪ್ರಖರವಾದ ಬೆಳಕಿನಲ್ಲಿ ಶಂಕುಕೋಶಗಳ ಸರದಿ. ರೋಗಿಯು ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿಲ್ಲ. ಕಣ್ಣು ತಾನೇ ಸಾಕ್ಷಿ ನುಡಿಯುತ್ತದೆ. ಈ ರೋಗದಲ್ಲಿ ಆ ಅಲೆಯು ಕ್ಷೀಣಿಸಿರುವುದನ್ನು ಕಾರ್ಪೆ ಎಂಬ ಸ್ವೀಡನ್ನಿನ ವೈದ್ಯನು 1945ರಲ್ಲಿ ತೋರಿಸಿಕೊಟ್ಟನು. ಬೇಲೂರಿನ ನವರಂಗವು ನಮ್ಮ ಹುಡುಗನಿಗೆ ಅರಿಯದೆಯೇ ಮಾಡಿದ ಪರೀಕ್ಷೆಯನ್ನು ಈ ಯಂತ್ರವು ಅಳತೆಯಿಟ್ಟು ಮಾಡುತ್ತದೆ.

ಇದಲ್ಲದೆ ದೃಷ್ಟಿಕ್ಷೇತ್ರವನ್ನು ಅಳೆಯುವ ಯಂತ್ರವುಂಟು. ಅಕ್ಷಿಪಟಲದ ಪದರಗಳನ್ನು ಬೆಳಕಿನಿಂದಲೇ ಸೀಳಿ ತೋರಿಸುವ ಚಿತ್ರಣವು 1991ರಿಂದೀಚೆಗೆ ಬಳಕೆಗೆ ಬಂದಿದೆ. ರಕ್ತಪರೀಕ್ಷೆಯು ಮೇಲೆ ಹೇಳಿದ ಪಥ್ಯಸಾಧ್ಯ ರೋಗಗಳನ್ನು ಬೇರ್ಪಡಿಸುತ್ತದೆ. ಕಟ್ಟಕಡೆಯದು ವಂಶವಾಹಿಗಳ ಪರೀಕ್ಷೆ. 1990ರಲ್ಲಿ ಅಮೆರಿಕದ ಡ್ರೈಜ ಮತ್ತು ಆತನ ಸಂಗಡಿಗರು ರೊಡಾಪ್ಸಿನ್ನಿನ ವಂಶವಾಹಿಯಲ್ಲಿ ಒಂದು ದೋಷವನ್ನು ಕಂಡುಹಿಡಿದರು. ಈಗ ಈ ರೋಗಕ್ಕೆ ಕಾರಣವಾಗಬಲ್ಲ 80ಕ್ಕೂ ಹೆಚ್ಚು ವಂಶವಾಹಿಗಳು ತಿಳಿದಿವೆ. ಒಂದೇ ಹೆಸರಿನ ಕೆಳಗೆ ಎಷ್ಟೊಂದು ರೋಗಗಳು ಅಡಗಿವೆಯೆಂಬುದನ್ನು ಊಹಿಸಿರಿ!

ವಂಶದ ಲೆಕ್ಕ

ಲೋಕದಲ್ಲಿ ಸುಮಾರು 4,000 ಮಂದಿಗೆ ಒಬ್ಬರಂತೆ ಈ ರೋಗವಿದೆಯೆಂದು ಎಣಿಕೆ. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳು ಇಲ್ಲಿ ಅದು ಇನ್ನೂ ಹೆಚ್ಚೆಂದು ಸೂಚಿಸುತ್ತವೆ. ಕಾರಣಗಳಲ್ಲಿ ಒಂದು ನಮ್ಮ ಮದುವೆಯ ಪದ್ಧತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಅವರೊಡನೆ ಕೆಲಸಮಾಡಿದ ಎ. ಎಚ್. ಬಿಟಲ್ಸ್ ಮೊದಲಾದವರು 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ಜನಿಸಿದ ಒಂದು ಲಕ್ಷಕ್ಕೂ ಮೀರಿದ ಶಿಶುಗಳ ವಿವರಗಳನ್ನು ಸಂಗ್ರಹಿಸಿದರು. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ರಕ್ತಸಂಬಂಧದ ವಿವಾಹಗಳಲ್ಲಿ ಹುಟ್ಟಿದ ಮಕ್ಕಳು.

ಇದರ ಲೆಕ್ಕವು ಸುಲಭ. ಅಪ್ರಬಲವಾದ ದೋಷವು ಒಂದೇ ಪ್ರತಿಯಲ್ಲಿದ್ದರೆ ಮನುಷ್ಯನಿಗೆ ಏನೂ ತೊಂದರೆಯಿಲ್ಲ. ತಂದೆತಾಯಿಗಳಿಬ್ಬರಿಂದಲೂ ಒಂದೊಂದು ಬಂದು ಎರಡಾದರೆ ಮಾತ್ರ ರೋಗ. ಅಜ್ಜಿಯೊಬ್ಬಳಲ್ಲಿ ಅಂಥ ಒಂದು ಪ್ರತಿಯಿದೆಯೆನ್ನೋಣ. ಅದು ಅವಳ ಮಗನಿಗೆ ಬರುವ ಸಂಭವ ಎರಡರಲ್ಲಿ ಒಂದು. ಮಗಳ ಮೂಲಕ ಮೊಮ್ಮಗಳಿಗೆ ಬರುವ ಸಂಭವ ನಾಲ್ಕರಲ್ಲಿ ಒಂದು. ಆ ಸೋದರಮಾವನಿಗೂ ಅಕ್ಕನ ಮಗಳಿಗೂ ಮದುವೆಯಾದರೆ, ಅವರ ಮಗುವಿಗೆ ಎರಡೂ ಕಡೆಯಿಂದ ಆ ದೋಷವೇ ಬರುವ ಸಂಭವ 32ರಲ್ಲಿ ಒಂದು. ಸೋದರತ್ತೆಯ ಮಗ, ಸೋದರಮಾವನ ಮಗಳು ಇವರ ವಿವಾಹದಲ್ಲಿ ಅದು 64ರಲ್ಲಿ ಒಂದು. ಸಂಬಂಧವಿಲ್ಲದವರಲ್ಲಾದರೋ ಇಬ್ಬರಲ್ಲಿಯೂ ಅದೇ ಅಪೂರ್ವ ದೋಷವು ಕೂಡಿಬರುವುದು ಬಹು ವಿರಳ. ಎಲ್ಲ ರಕ್ತಸಂಬಂಧದ ವಿವಾಹಗಳಲ್ಲಿಯೂ ರೋಗ ಬರುತ್ತದೆಂದು ಇದರ ಅರ್ಥವಲ್ಲ. ಸಂಬಂಧವಿಲ್ಲದವರ ಮಕ್ಕಳಿಗೆ ಬಾರದೆಂದೂ ಅಲ್ಲ. ಪ್ರಬಲವಾದ ದೋಷದಿಂದಲೂ ತಾಯಿಯ ಎಕ್ಸ್ ವರ್ಣತಂತುವಿನ ದೋಷದಿಂದಲೂ ಈ ರೋಗವು ಬರುವುದುಂಟು. ಆದಕಾರಣ ವಂಶವೃಕ್ಷವನ್ನು ಬರೆದು ನೋಡಿಯೇ ವೈದ್ಯರು ಸಲಹೆ ಕೊಡುತ್ತಾರೆ. ತಾಯಿಯನ್ನಾಗಲಿ ಸೊಸೆಯನ್ನಾಗಲಿ ದೂಷಿಸುವುದು ಅಜ್ಞಾನ.

ಮುಂದೇನು?

ಬಹುಪಾಲು ರೋಗಿಗಳಿಗೆ ಕಳೆದ ದೃಷ್ಟಿಯನ್ನು ಮರಳಿಸುವ ಔಷಧಿಯು ಇನ್ನೂ ಇಲ್ಲ. ಆರ್‌ಪಿಇ65 ಎಂಬ ಒಂದು ವಂಶವಾಹಿಯ ದೋಷವುಳ್ಳವರಿಗೆ ಮಾತ್ರ, ಸರಿಯಾದ ಪ್ರತಿಯನ್ನು ನಿರುಪದ್ರವಿಯಾದ ವೈರಸ್ಸಿನ ಮೂಲಕ ಅಕ್ಷಿಪಟಲದ ಕೆಳಗೆ ಸೇರಿಸುವ ಚಿಕಿತ್ಸೆಗೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ತನ್ನ ದೋಷವು ಯಾವ ವಂಶವಾಹಿಯಲ್ಲಿದೆಯೆಂದು ತಿಳಿಯದವನಿಗೆ ಅಂಥ ಬಾಗಿಲು ತೆರೆದರೂ ಪ್ರಯೋಜನವಾಗದು. ರೋಗದ ಜೊತೆಗೆ ಬರುವ ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆಯುಂಟು. ಅಕ್ಷಿಪಟಲದ ಊತಕ್ಕೆ ಔಷಧಿಯುಂಟು. ಬಿಳಿಕೋಲು, ಭೂತಗನ್ನಡಿ, ಓದಿ ಹೇಳುವ ಯಂತ್ರಗಳು ಉಂಟು. ದೃಷ್ಟಿಯು ಪೂರ್ತಿ ಕುಂದುವ ಮೊದಲೇ ಇವುಗಳನ್ನು ಅಭ್ಯಾಸಮಾಡಿಕೊಂಡವನು ಕಂಗೆಡದೆ ವಿದ್ಯಾಭ್ಯಾಸವನ್ನೂ ವೃತ್ತಿಯನ್ನೂ ಮುಂದುವರಿಸಬಲ್ಲ. ಕಣ್ಣಿಗೆ ಬಿಡುವ ಎಣ್ಣೆಯಿಂದ ಇದನ್ನು ಗುಣಪಡಿಸುತ್ತೇವೆನ್ನುವವರ ಮಾತನ್ನು ನಂಬಬಾರದು.

ಅರಸೀಕೆರೆಯ ಹುಡುಗನಿಗೆ ದಾರಿಯು ಬಹು ದೂರವೇನಲ್ಲ. ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿದೆ. ಬೆಂಗಳೂರಿಗೆ ನೇರವಾದ ರೈಲಿದೆ; ಅಲ್ಲಿ 1896ರಲ್ಲಿ ಆರಂಭವಾದ ಮಿಂಟೊ ಕಣ್ಣಾಸ್ಪತ್ರೆಯೂ, ವಂಶದ ರೋಗಗಳ ಬಗ್ಗೆ ಸಲಹೆ ನೀಡುವ ಮಾನವ ತಳಿವಿಜ್ಞಾನ ಕೇಂದ್ರವೂ ಇವೆ. ಆದರೆ ಎಷ್ಟೇ ದೊಡ್ಡ ಆಸ್ಪತ್ರೆಯಾದರೂ “ಕತ್ತಲೆಯಲ್ಲಿ ನನಗೆ ಕಾಣುವುದಿಲ್ಲ” ಎಂಬ ಒಂದು ಮಾತನ್ನು ರೋಗಿಯು ಹೇಳಬೇಕು. ಹುಟ್ಟಿದಂದಿನಿಂದ ಹಾಗೆಯೇ ಕಂಡವನು ಎಲ್ಲರಿಗೂ ಇಷ್ಟೇ ಕಾಣುವುದೆಂದು ಭಾವಿಸಿರುತ್ತಾನೆ. ಅವನಿಗಿಂತ ಮೊದಲು ಅದನ್ನು ಅರಿಯಬಲ್ಲವರು ಪಕ್ಕದಲ್ಲಿ ನಡೆಯುವವರು.

ಮುಂದಿನ ಸಲ ನಿಮ್ಮ ತರಗತಿಯು ಬೇಲೂರಿಗೆ ಹೋದಾಗ ನವರಂಗದಲ್ಲಿ ಹತ್ತು ನಿಮಿಷ ನಿಂತು ನಿಮ್ಮ ಕಣ್ಣಿನ ಹೊಂದಾಣಿಕೆಯನ್ನು ನೀವೇ ಗಮನಿಸಿರಿ. ಕಂಬಗಳೆಲ್ಲ ಕಂಡ ಮೇಲೆ ಒಮ್ಮೆ ಹಿಂದಿರುಗಿ ನೋಡಿರಿ. ಗೋಡೆಯನ್ನು ತಡವುತ್ತ ನಿಂತ ಗೆಳೆಯನಿದ್ದರೆ ನಗಬೇಡಿರಿ. ಕೈಹಿಡಿದು ಹೊರಕ್ಕೆ ಕರೆತನ್ನಿರಿ. ಊರಿಗೆ ಬಂದ ಮೇಲೆ ಕಂಡದ್ದನ್ನು ಕಂಡಂತೆಯೇ ಅವನ ಮನೆಯವರಿಗೆ ತಿಳಿಸಿರಿ. ವೈದ್ಯರ ಕೆಲಸವು ಅಲ್ಲಿಂದ ಮುಂದಕ್ಕೆ.